ಗೋಕರ್ಣದ ದಂಡೆಯಿಂದ ಜೇನುಕಲ್ಲು ಗುಡ್ಡಕ್ಕೆ: ಒಂದು ದಿನದ ನಡಿಗೆಗೆ ನಾನು ಹೊತ್ತು ಗೊತ್ತು ಮಾಡುವ ಬಗೆ

ಬೇಲೆಕಾನಿನಿಂದ ಗೋಕರ್ಣಕ್ಕೆ ಕಡಲ ಅಂಚು ಹಿಡಿದು ನಡೆದರೆ ಎಂಟು ಕಿಲೋಮೀಟರ್ ಆಸುಪಾಸು. ನಕ್ಷೆ ನೋಡಿದವರು ಎರಡು ತಾಸಿನ ಕೆಲಸ ಅಂದುಕೊಳ್ಳುತ್ತಾರೆ. ನಾನು ಐದು ತಾಸು ಇಡುತ್ತೇನೆ. ಒದ್ದೆಯಾಗಿ ಗಟ್ಟಿಯಾದ ಮರಳಿನ ಮೇಲೆ ತಾಸಿಗೆ ನಾಲ್ಕು ಕಿ.ಮೀ. ಸಾಗುತ್ತದೆ, ಒಣ ಮರಳಿನಲ್ಲಿ ಎರಡೂವರೆ, ಬಂಡೆಗಳ ಮೇಲೆ ಒಂದೂವರೆಯೂ ಕಷ್ಟ. ಗುಡ್ಡ ಏರುವಾಗ ಪ್ರತಿ ನೂರು ಮೀಟರ್ ಎತ್ತರಕ್ಕೆ ಹತ್ತು ನಿಮಿಷ ಬೇರೆ ಸೇರಿಸುತ್ತೇನೆ. ಉತ್ತರ ಕನ್ನಡದ ಒಂದು ದಿನದ ನಡಿಗೆಗಳನ್ನೆಲ್ಲ ನಾನು ಹೀಗೆ ತಾಸಿನಲ್ಲೇ ಅಳೆಯುವುದು. ಕರಾವಳಿಯಲ್ಲಿ ಆ ತಾಸನ್ನು ಗೊತ್ತು ಮಾಡುವುದು ಉಬ್ಬರ-ಇಳಿತ, ಕಣಿವೆಯಲ್ಲಿ ಮಂಜು ಮತ್ತು ಮಳೆ, ಗುಡ್ಡದ ನೆತ್ತಿಯಲ್ಲಿ ಸೂರ್ಯ.

ಮೊದಲು ಕಡಲ ಕಡೆಯದು, ಲೆಕ್ಕ ಹೆಚ್ಚು ಬೇಕಾದದ್ದು ಅಲ್ಲೇ. ಗೋಡೆಗೆ ತೂಗುಹಾಕಿದ ಪಂಚಾಂಗದಿಂದ ಶುರು ಮಾಡುತ್ತೇನೆ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ದಿನ ಹಗಲಿನ ಉಬ್ಬರ ಹೆಚ್ಚುಕಡಿಮೆ ಹನ್ನೊಂದರಿಂದ ಹನ್ನೆರಡರ ನಡುವೆ ಬರುತ್ತದೆ. ಅಲ್ಲಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಉಬ್ಬರಕ್ಕೂ ಇಳಿತಕ್ಕೂ ನಡುವೆ ಆರು ತಾಸು ಚಿಲ್ಲರೆ. ಅಂದರೆ ಚೌತಿ, ಪಂಚಮಿಯ ಹೊತ್ತಿಗೆ ಉಬ್ಬರ ಮಧ್ಯಾಹ್ನ ಮೂರರ ಕಡೆಗೆ ಸರಿದು, ನೀರು ತೀರ ಇಳಿದಿರುವುದು ಬೆಳಗ್ಗೆ ಎಂಟೂವರೆ-ಒಂಬತ್ತಕ್ಕೆ. ಬೆಳಗಿನ ನಡಿಗೆಗೆ ಇದಕ್ಕಿಂತ ಒಳ್ಳೆಯ ದಿನ ಇಲ್ಲ. ಏಕಾದಶಿ, ದ್ವಾದಶಿಗೆ ಬೆಳಗ್ಗೆಯೇ ಉಬ್ಬರ, ಆ ದಿನ ಬೇಡ. ಹುಣ್ಣಿಮೆಯಂದೇ ಹೋಗಬೇಕು ಅನ್ನುವವರು ಮಧ್ಯಾಹ್ನ ಎರಡರ ಮೇಲೆ ಹೊರಡಲಿ, ಸಂಜೆ ಐದರ ಕಡೆಗೆ ನೀರು ಚೆನ್ನಾಗಿ ಕೆಳಗಿರುತ್ತದೆ. ಇದು ತಿಂಗಳ ಮೊದಲೇ ದಿನ ಆರಿಸಲು ಸಾಕಾಗುವ ಅಂದಾಜು. ಹಿಂದಿನ ರಾತ್ರಿ ಕಾರವಾರ ಬಂದರಿನ ಉಬ್ಬರ-ಇಳಿತದ ಪಟ್ಟಿ ನೋಡಿಯೇ ಹೊರಡಬೇಕು, ದಿನದ ಎರಡು ಇಳಿತಗಳು ಒಂದೇ ಮಟ್ಟಕ್ಕೆ ಇಳಿಯುವುದಿಲ್ಲ.

ಹೋಗುವ ದಿಕ್ಕು ತೆಂಕಿನಿಂದ ಬಡಗಿಗೆ: ಬೇಲೆಕಾನ್, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ದಂಡೆಗಳು, ಆಮೇಲೆ ಗೋಕರ್ಣ ಪೇಟೆ. ಇದಕ್ಕೆ ಎರಡು ಕಾರಣ. ಹೀಗೆ ನಡೆದರೆ ಗುಡ್ಡ ಬಲಕ್ಕೆ, ಮೂಡಲಲ್ಲಿ ಇರುತ್ತದೆ. ಬೆಳಗಿನ ಮೊದಲ ಒಂದೂವರೆ ತಾಸು ಅದರ ನೆರಳು ಸಿಗುತ್ತದೆ. ಇನ್ನೊಂದು, ಕಷ್ಟದ ಬಂಡೆಗಳೆಲ್ಲ ಪ್ಯಾರಡೈಸ್‌ನ ಆಚೀಚೆ ಇವೆ. ಕಾಲಲ್ಲಿ ಕಸುವು ಇದ್ದಾಗಲೇ, ನೀರು ಇಳಿಯುತ್ತಿರುವಾಗಲೇ ಅವು ಮುಗಿಯುತ್ತವೆ. ಬಡಗಿನಿಂದ ಬಂದವರು ಅದೇ ಬಂಡೆಗಳನ್ನು ದಣಿದ ಕಾಲಲ್ಲಿ, ಏರುತ್ತಿರುವ ನೀರಿನಲ್ಲಿ ದಾಟುತ್ತಾರೆ.

ಬಂಡೆಯ ಮೇಲೆ ಕಾಲಿಡುವಾಗ ಬಣ್ಣ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಕೆಳಗೆ ಕಪ್ಪು-ಹಸಿರು ಪಟ್ಟಿ, ಅದು ಪಾಚಿ, ಯಾವ ಬೂಟೂ ಅಲ್ಲಿ ನಿಲ್ಲುವುದಿಲ್ಲ. ಅದರ ಮೇಲೆ ಬಿಳಿಚಿಕೊಂಡ, ಒರಟು ಚಿಪ್ಪಿನ ಪಟ್ಟಿ. ಹಿಡಿತ ಸಿಗುತ್ತದೆ, ಆದರೆ ಕೈ ಊರಿದರೆ ಕೊಯ್ಯುತ್ತದೆ. ಅದಕ್ಕೂ ಮೇಲಿನ ಒಣ ಕಲ್ಲೇ ದಾರಿ. ಆ ಬಿಳಿ ಪಟ್ಟಿಯ ತುದಿಯೇ ನೀರು ಎಲ್ಲಿವರೆಗೆ ಬರುತ್ತದೆ ಅನ್ನುವುದರ ಗುರುತು. ಬಂಡೆಸಾಲು ದಾಟುವ ಮೊದಲು ಐದು ನಿಮಿಷ ನಿಂತು ಅಲೆ ನೋಡುತ್ತೇನೆ. ಹತ್ತಾರು ಸಣ್ಣ ಅಲೆ ಆದಮೇಲೆ ದೊಡ್ಡವು ಗುಂಪಾಗಿ ಬರುತ್ತವೆ, ಒಂದೇ ನಿಮಿಷ ನೋಡಿದವರಿಗೆ ಅವು ಕಾಣುವುದೇ ಇಲ್ಲ. ಫೋಟೋಕ್ಕೆಂದು ಕಡಲಿಗೆ ಬೆನ್ನು ಹಾಕಿ ನಿಲ್ಲುವವರಿಗೆ ಏನು ಹೇಳುವುದೋ ತಿಳಿಯದು.

ಹಾಫ್ ಮೂನ್‌ನಿಂದ ಓಂ ಕಡೆಗೆ ದಾರಿ ಗುಡ್ಡದ ಹೊಟ್ಟೆಯ ಮೇಲೆ ಹೋಗುತ್ತದೆ. ಇಲ್ಲಿನ ಅಪಾಯ ಬೇರೆ. ಚಿರೆಕಲ್ಲಿನ (ಜಂಬಿಟ್ಟಿಗೆಯ) ನೆಲದ ಮೇಲೆ ರಾಗಿ ಚೆಲ್ಲಿದ ಹಾಗೆ ಸಣ್ಣ ಉರುಟು ಹರಳು, ಇಳಿಜಾರಿನಲ್ಲಿ ಕಾಲಡಿಯೇ ಉರುಳುತ್ತವೆ. ಹೆಜ್ಜೆ ಚಿಕ್ಕದಾಗಿರಲಿ, ಮಂಡಿ ತುಸು ಬಾಗಿರಲಿ, ಹಿಮ್ಮಡಿ ಮೊದಲು ಊರಬೇಡಿ. ಸ್ಯಾಂಡಲ್‌ನ ಒಳಗೆ ಈ ಹರಳು ಸೇರಿಕೊಂಡು ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕಾಗುತ್ತದೆ, ಅದಕ್ಕೇ ಮುಚ್ಚಿದ, ಆಳವಾದ ಗೀರಿನ ರಬ್ಬರ್ ಅಡಿಯ ಬೂಟು. ಹತ್ತರ ಮೇಲೆ ಚಿರೆಕಲ್ಲು ಕಾದು ಕೆಳಗಿನಿಂದಲೂ ಸೆಕೆ ಹೊಡೆಯುತ್ತದೆ. ಈ ತುಂಡಿನಲ್ಲಿ ನೆರಳೂ ಕಡಿಮೆ.

ತಲೆಗೆ ಮೂರು ಲೀಟರ್ ನೀರು, ಅದರಲ್ಲಿ ಒಂದು ಲೀಟರ್ ಮುರುಗಲು (ಪುನರ್ಪುಳಿ) ಪಾನಕ. ಒಣ ಮುರುಗಲು ಸಿಪ್ಪೆ ಎಂಟು-ಹತ್ತು, ರಾತ್ರಿ ನೆನೆಸಿ ಹಿಂಡಿ, ಬೆಲ್ಲ ಎರಡು ಚಮಚ, ಉಪ್ಪು ಅರ್ಧ ಚಮಚಕ್ಕೆ ಕಡಿಮೆ. ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಸುರಿಯುತ್ತದೆ. ಬರೇ ನೀರು ಕುಡಿಯುತ್ತಾ ಹೋದರೆ ಮೂರನೆಯ ತಾಸಿಗೆ ಮೀನಖಂಡ ಹಿಡಿದುಕೊಳ್ಳುತ್ತದೆ. ಪ್ಯಾರಡೈಸ್‌ನಲ್ಲಿ ಅಂಗಡಿ ಸಿಗುತ್ತದೆಂದು ನಂಬಿ ಹೋಗಬೇಡಿ. ಹವೆ ನೆಟ್ಟಗಿರುವ ತಿಂಗಳಲ್ಲಿ ಈ ದಂಡೆಗಳ ನಡುವೆ ದೋಣಿ ಓಡುತ್ತದೆ. ಯಾರಿಗಾದರೂ ಕಾಲು ಉಳುಕಿದರೆ ಅದೇ ಹೊರದಾರಿ, ಅದಕ್ಕೆಂದು ಚಿಲ್ಲರೆ ನಗದು ಜೇಬಿನಲ್ಲಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ನಡಿಗೆಯೇ ಬೇಡ.

ಯಾಣ ಚಿಕ್ಕ ನಡಿಗೆ, ಹೆಚ್ಚು ಹೇಳುವುದಿಲ್ಲ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್, ಎರಡೂ ಕರಿ ಸುಣ್ಣಕಲ್ಲು. ಬಂಡೆಯ ಸಂದಿಯ ಒಳದಾರಿ ಬೇಸಿಗೆಯಲ್ಲೂ ಒಸರುತ್ತದೆ, ಜಾರುತ್ತದೆ. ಮೇಲೆ ಹೆಜ್ಜೇನು ಇರುತ್ತವೆ: ಹೊಗೆ, ಪಟಾಕಿ, ಕೂಗಾಟ, ಕಡುವಾಸನೆಯ ಅತ್ತರು ಯಾವುದೂ ಬೇಡ. ಜೇನು ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು ಕಾಡಿನ ಮರೆಗೆ ಓಡುವುದೊಂದೇ ಉಪಾಯ. ಅಚವೆ ಕಡೆಯ ವಿಭೂತಿ ಜಲಪಾತವನ್ನು ಅದೇ ದಿನ ಸೇರಿಸಬಹುದು, ಮೊದಲು ಯಾಣ, ಬಿಸಿಲೇರಿದ ಮೇಲೆ ನೀರು.

ಘಟ್ಟದ ಮೇಲಿನ ಕಣಿವೆಗಳ ವಿಷಯಕ್ಕೆ ಬಂದರೆ, ಗೋಕರ್ಣದ ತೆಂಕಿಗೆ ಕಡಲು ಸೇರುವ ಅಘನಾಶಿನಿ ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ 116 ಮೀಟರ್ ಬೀಳುತ್ತದೆ. ಕಿವಿ ಕೆಪ್ಪಾಗುವಷ್ಟು ಸದ್ದಿಗೆ ಊರವರು ಕೆಪ್ಪ ಜೋಗ ಅನ್ನುತ್ತಾರೆ. ಬಡಗಿಗೆ ಗಂಗಾವಳಿಯಾಗಿ ಕಡಲು ಸೇರುವ ಬೇಡ್ತಿ, ಯಲ್ಲಾಪುರದಿಂದ 17 ಕಿ.ಮೀ. ದೂರದ ಮಾಗೋಡಿನಲ್ಲಿ ಎರಡು ಹಂತವಾಗಿ ಸುಮಾರು 200 ಮೀಟರ್ ಇಳಿಯುತ್ತದೆ. ನೋಡುವುದಕ್ಕೆ ಒಂದೇ ಬಗೆ ಅನ್ನಿಸಿದರೂ ಇವೆರಡರ ನೀರಿನ ನಡೆ ಬೇರೆ. ಅಘನಾಶಿನಿ ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟಿ ಮಲೆನಾಡಿನಲ್ಲೇ ಹರಿಯುವ, ಅಣೆಕಟ್ಟಿಲ್ಲದ ನದಿ. ಶಿರಸಿ-ಸಿದ್ದಾಪುರದಲ್ಲಿ ಮಳೆ ಬಂದರೆ ಏರಿತು, ನಿಂತರೆ ಇಳಿಯಿತು. ಬೇಡ್ತಿಯ ಮೇಲ್ಭಾಗ ಧಾರವಾಡ, ಕಲಘಟಗಿಯ ಬಯಲು. ಯಲ್ಲಾಪುರದಲ್ಲಿ ನೀಲಿ ಆಕಾಶ ಇದ್ದರೂ ಅಲ್ಲಿ ಸುರಿದದ್ದು ತಡವಾಗಿ ಇಲ್ಲಿಗೆ ಬರುತ್ತದೆ. ಅದಕ್ಕೇ ಬೇಡ್ತಿಯ ಪಾತ್ರಕ್ಕೆ ಇಳಿಯುವ ಮಾತೇ ಇಲ್ಲ, ಮಾಗೋಡನ್ನು ಮೇಲಿನಿಂದಲೇ ನೋಡಬೇಕು. ಎರಡಕ್ಕೂ ಅಕ್ಟೋಬರ್‌ನಿಂದ ಡಿಸೆಂಬರ್ ಸರಿಯಾದ ಕಾಲ. ಮಾರ್ಚಿನ ಹೊತ್ತಿಗೆ ಮಾಗೋಡು ಬಂಡೆಗೆ ಅಂಟಿದ ಎಳೆಯಷ್ಟೇ.

ಕಣಿವೆಗೆ ನಸುಕಿನಲ್ಲಿ ಹೋಗುವುದು ಸಾಮಾನ್ಯ ತಪ್ಪು. ರಾತ್ರಿಯ ತಂಪು ಗಾಳಿ ಕಣಿವೆಯ ತಳಕ್ಕೆ ಜಾರಿ ಕೂತಿರುತ್ತದೆ, ಅದರ ಮೇಲೆ ಜಲಪಾತದ ಹನಿ. ನವೆಂಬರ್-ಡಿಸೆಂಬರ್‌ನಲ್ಲಿ ಒಂಬತ್ತೂವರೆಯವರೆಗೂ ಕೇಳುವುದು ಸದ್ದು, ಕಾಣುವುದು ಬಿಳುಪು. ಉಂಚಳ್ಳಿಗೆ ಹತ್ತರ ಸುಮಾರಿಗೆ ತಲುಪಿದರೆ ಸಾಕು. ಮೆಟ್ಟಿಲು ಇಳಿಯಲು ಹಿಡಿದ ಹೊತ್ತಿನ ಎರಡರಷ್ಟು ಹತ್ತುವುದಕ್ಕೆ ಇಟ್ಟುಕೊಳ್ಳಿ. ಮಕ್ಕಳು, ವಯಸ್ಸಾದವರು ಇದ್ದರೆ ಮೂರರಷ್ಟು.

ಕಾಡಿನೊಳಗಿನ ದಾರಿಗೆ ಮೊಬೈಲ್ ನಕ್ಷೆಯನ್ನು ನಾನು ದಿಕ್ಕಿಗೆ ಮಾತ್ರ ನಂಬುತ್ತೇನೆ. ಅದು ತೋರಿಸುವ ಅಡ್ಡದಾರಿ ಎಷ್ಟೋ ಸಲ ಯಾರದೋ ಅಡಿಕೆ ತೋಟದ ಒಳಗೋ ಬೇಣದ (ಹುಲ್ಲುಗಾವಲಿನ) ಮೇಲೋ ಹಾದಿರುತ್ತದೆ. ಕೇಳಿ ಹೋಗಿ, ದಣಪೆ, ಅಂದರೆ ಬೇಲಿಯ ಗಳದ ಬಾಗಿಲು, ತೆಗೆದರೆ ಮತ್ತೆ ಹಾಕಿ, ಇಲ್ಲದಿದ್ದರೆ ದನ ತೋಟಕ್ಕೆ ನುಗ್ಗುತ್ತದೆ. ಅಡಿಕೆ ದಬ್ಬೆಯ ಸಂಕ (ಕಾಲುಸೇತುವೆ) ಮಳೆ ಬಿದ್ದ ಮರುದಿನ ಸಾಬೂನಿನಂತೆ. ಒಬ್ಬೊಬ್ಬರೇ, ಪಾದ ಅಡ್ಡ ಇಟ್ಟು ದಾಟಬೇಕು.

ಮಳೆಗಾಲ ಮುಗಿಯುವವರೆಗೆ ಉಂಬಳ (ಜಿಗಣೆ), ಆಮೇಲೆ ಉಣುಗು (ಉಣ್ಣೆ). ಉಂಬಳಕ್ಕೆ ಹೆದರಬೇಕಿಲ್ಲ: ಉಪ್ಪಿನ ಪುಡಿ ಕಟ್ಟಿದ ಒದ್ದೆ ಬಟ್ಟೆಯ ಗಂಟು ಮುಟ್ಟಿಸಿದರೆ ಬಿಡುತ್ತದೆ, ನಿಂತಲ್ಲಿ ನಿಲ್ಲದಿದ್ದರೆ ಹತ್ತುವುದೂ ಕಡಿಮೆ. ಉಣುಗು ಹಾಗಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಸಿದ್ದಾಪುರದ ಕಡೆಗೂ ಇದೆ, ಅದು ಹರಡುವುದು ಉಣುಗಿನಿಂದ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ. ಆ ತಿಂಗಳುಗಳಲ್ಲಿ ಉದ್ದ ಪ್ಯಾಂಟು ಹಾಕಿ ಕಾಲ್ಚೀಲದೊಳಗೆ ತುರುಕುತ್ತೇನೆ. ತಿಳಿ ಬಣ್ಣದ ಬಟ್ಟೆಯಾದರೆ ಉಣುಗು ಕಾಣುತ್ತದೆ. ಹೊರಡುವ ಮೊದಲು ಉಣುಗನ್ನು ದೂರ ಇಡುವ ಡೆಪಾ ಎಣ್ಣೆ ಹಚ್ಚಿಕೊಳ್ಳುತ್ತೇನೆ, ಮಲೆನಾಡಿನಲ್ಲಿ ಆರೋಗ್ಯ ಇಲಾಖೆ ಹಂಚುವುದೂ ಇದನ್ನೇ. ಒಣ ತರಗೆಲೆಯ ಮೇಲೆ ಕೂರುವುದಿಲ್ಲ, ಮನೆಗೆ ಬಂದ ಕೂಡಲೆ ಬಿಸಿನೀರಿನ ಸ್ನಾನ, ಬಟ್ಟೆ ಬೇರೆಯಾಗಿ ಒಗೆತಕ್ಕೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಆಮೇಲಿನ ವಾರದಲ್ಲಿ ಜೋರು ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳುವುದು ಮರೆಯಬಾರದು.

ಜೇನುಕಲ್ಲು ಗುಡ್ಡವನ್ನು ಮಾಗೋಡಿನ ದಿನದ ಕೊನೆಗೆ ಇಡುತ್ತೇನೆ. ಮಧ್ಯಾಹ್ನ ಎರಡಕ್ಕೆ ಮಾಗೋಡು, ನಾಲ್ಕೂವರೆಗೆ ಅಲ್ಲಿಂದ ಬಿಟ್ಟರೆ ಗುಡ್ಡದ ನೆತ್ತಿಯಲ್ಲಿ ಬೇಡ್ತಿ ಕಣಿವೆಯ ಮೇಲೆ ಬೆಳಕು ಓರೆಯಾಗುವ ಹೊತ್ತು. ಡಿಸೆಂಬರ್‌ನಲ್ಲಿ ಸೂರ್ಯ ಆರು ಗಂಟೆ ದಾಟಿ ಸ್ವಲ್ಪದರಲ್ಲೇ ಮುಳುಗುತ್ತಾನೆ. ಕಾಡಿನೊಳಗೆ ಅದಕ್ಕೂ ಇಪ್ಪತ್ತು ನಿಮಿಷ ಮೊದಲೇ ಕತ್ತಲು. ವಾಹನವನ್ನು ಬಂದ ಕೂಡಲೆ ತಿರುಗಿಸಿ ನಿಲ್ಲಿಸುತ್ತೇನೆ, ಫೋನಿನ ಬೆಳಕಿನ ಜೊತೆಗೆ ತಲೆಗೆ ಕಟ್ಟುವ ಟಾರ್ಚ್ ಒಂದಿರುತ್ತದೆ. ಅದರ ಸೆಲ್ಲೊಂದನ್ನು ತಿರುಗುಮುರುಗಾಗಿ ಹಾಕಿ ಇಟ್ಟರೆ ಚೀಲದೊಳಗೆ ತಾನಾಗಿ ಹೊತ್ತಿಕೊಂಡು ಖಾಲಿಯಾಗುವುದಿಲ್ಲ.