ಕೆಂಪು ಮೇಪಲ್ ನೆಡುವುದು ಹೇಗೆ? ಬುಡ ಹೂಳದಂತೆ!

ನ್ಯೂಜೆರ್ಸಿಯಲ್ಲಿ ಹೊಸ ಮನೆ ಕೊಂಡ ನಮ್ಮ ಕನ್ನಡದವರು ಅಂಗಳಕ್ಕೆ ಮೊದಲು ತರುವುದು ಮೇಪಲ್. ಆರೇಳು ವರ್ಷದಲ್ಲಿ ತುದಿ ಒಣಗತೊಡಗಿದಾಗ ನನ್ನನ್ನು ಕರೆಯುತ್ತಾರೆ. ಹೋಗಿ ನೋಡಿದರೆ ಹೆಚ್ಚಾಗಿ ಒಂದೇ ತಪ್ಪು. ಮರದ ಬುಡ, ಅಂದರೆ ಕಾಂಡ ಅಗಲವಾಗಿ ಬೇರಾಗುವ ಜಾಗ, ಮಣ್ಣಲ್ಲಿ ಹೂತಿರುತ್ತದೆ.

ಮೊದಲು ಗಿಡ ಆರಿಸಿ. ಇಲ್ಲಿನ ಕಾಡಿನದೇ ಆದ ಕೆಂಪು ಮೇಪಲ್ (ಏಸರ್ ರೂಬ್ರಮ್) ತನ್ನಿ. ಕೆನಡಾದಿಂದ ಫ್ಲೋರಿಡಾವರೆಗೆ ತಾನಾಗಿ ಬೆಳೆಯುವ ಗಟ್ಟಿ ಮರ ಅದು. ಬೇಸಿಗೆಯಲ್ಲೂ ಕಡುಗೆಂಪಾಗಿರುವ ‘ಕ್ರಿಮ್ಸನ್ ಕಿಂಗ್’ಗೆ ಮರುಳಾಗಬೇಡಿ. ಅದು ಯುರೋಪಿನಿಂದ ಬಂದ ನಾರ್ವೆ ಮೇಪಲ್. ಎಲೆಯ ತೊಟ್ಟು ಮುರಿದು ನೋಡಿ, ಹಾಲು ಬಂದರೆ ಅಲ್ಲೇ ಬಿಟ್ಟು ಬನ್ನಿ.

ಮನೆಯಿಂದ 20 ಅಡಿಯಾದರೂ ದೂರ, ಬಿಸಿಲಿರುವ ಜಾಗ ಸಾಕು. ಎಲೆ ಉದುರಿದ ಮೇಲೆ ನೆಡಿ.

ಈಗ ನಿಜವಾದ ಕೆಲಸ. ಗಿಡವನ್ನು ಕುಂಡದಿಂದ ತೆಗೆದು, ಮೇಲಿನ ಮಣ್ಣನ್ನು ಬೆರಳಲ್ಲೇ ಕೆರೆಯಿರಿ. ಕಾಂಡ ಕಂಬದ ಹಾಗೆ ನೇರ ಮಣ್ಣಿಗಿಳಿದಿದ್ದರೆ ಬುಡ ಇನ್ನೂ ಕೆಳಗಿದೆ ಎಂದರ್ಥ. ಕಾಂಡ ಆನೆಯ ಪಾದದಂತೆ ಅಗಲವಾಗಿ, ಮೊದಲ ದಪ್ಪ ಬೇರು ಕಾಣುವವರೆಗೂ ಬಿಡಬೇಡಿ. ನಾನು ಹೋದ ವರ್ಷ ತಂದ ಗಿಡದಲ್ಲಿ ಅದು 4 ಇಂಚು ಆಳದಲ್ಲಿತ್ತು. ನರ್ಸರಿಯಲ್ಲೇ ಹೂತಿದ್ದರು!

ಆಮೇಲೆ ಪಕ್ಕದ ಬೇರು ನೋಡಿ. ಚಕ್ಕುಲಿಯ ಹಾಗೆ ಸುತ್ತಿಕೊಂಡಿರುತ್ತವೆ. ಸುಮ್ನೆ ಹಾಗೇ ನೆಟ್ಟರೆ ಅವೇ ದಪ್ಪವಾಗಿ ಬುಡಕ್ಕೆ ಉರುಲಾಗುತ್ತವೆ. ಮೇಪಲ್‌ಗೆ ಈ ಕಾಟ ಜಾಸ್ತಿ. ಬಿಡಿಸಿ ಹರಡಿ. ಬಿಡಿಸಲಾಗದ್ದನ್ನು ಚೂಪಾದ ಕತ್ತರಿಯಲ್ಲಿ ಕತ್ತರಿಸಿ. ಹೊಟ್ಟೆ ಚುರ್ ಅನ್ನುತ್ತದೆ, ಆದರೂ ಕತ್ತರಿಸಲೇಬೇಕು.

ಗುಂಡಿ ಅಗಲ ಇರಲಿ, ಬೇರಿನ ಉಂಡೆಯ ಎರಡು-ಮೂರು ಪಟ್ಟು. ಆಳ ಮಾತ್ರ ಉಂಡೆಯಷ್ಟೇ. ಗಿಡ ಇಳಿಸಿ, ಸಲಿಕೆಯ ಹಿಡಿಯನ್ನು ಗುಂಡಿಗೆ ಅಡ್ಡಲಾಗಿಟ್ಟು ನೋಡಿ. ಬುಡ ಹಿಡಿಯ ಮಟ್ಟಕ್ಕಿರಬೇಕು, ಒಂದಿಂಚು ಮೇಲಿದ್ದರೆ ಇನ್ನೂ ಒಳ್ಳೆಯದು. ತೆಗೆದ ಮಣ್ಣನ್ನೇ ತುಂಬಿ. ಅಂಗಡಿಯ ಚೀಲದ ಮಣ್ಣು, ಗೊಬ್ಬರದ ಕಡ್ಡಿ ಎಲ್ಲ ದುಡ್ಡು ದಂಡ.

ಮೇಲೆ 3 ಇಂಚು ಮರದ ಚಕ್ಕೆ ಹರಡಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಹುಲ್ಲು ಕತ್ತರಿಸಲು ಬರುವವರು ಚಕ್ಕೆಯನ್ನು ಹುತ್ತದ ಹಾಗೆ ಬುಡಕ್ಕೆ ಪೇರಿಸಿ ಹೋಗುತ್ತಾರೆ, ನೋಡಿದ್ದೀರಲ್ವಾ? ಒಳಗೆ ತೇವ ನಿಂತು ತೊಗಟೆ ಕೊಳೆಯುತ್ತದೆ. ಅವರು ಹೋದ ಕೂಡಲೇ ಕೈಯಾರೆ ಸರಿಸಿ.

ಮೊದಲ ಬೇಸಿಗೆ ಮಳೆ ಬಾರದ ವಾರ 10 ಗ್ಯಾಲನ್ ನೀರು, ನಿಧಾನವಾಗಿ. ಗಾಳಿ ಜೋರಿದ್ದರೆ ಮಾತ್ರ ಗೂಟ ಕೊಡಿ, ಅದೂ ಸಡಿಲವಾಗಿ, ಬಟ್ಟೆಯ ಪಟ್ಟಿಯಿಂದ ಕಟ್ಟಿ. ವರ್ಷವಾಗುತ್ತಲೇ ಬಿಚ್ಚಿ.