ಸಿಸ್ಟರ್ ಕೇಳಿದ್ದನ್ನೇ ಯಾಕೆ ಕೇಳ್ತಾರೆ? ಕೂಸಿಂದ ಅಜ್ಜನ ತನಕ ಪೇಷಂಟ್‌ಗೆ ಪೆಟ್ಟಾಗದಂಗೆ ಕಾಯೋದು ಹೇಗೆ

ದಾವಣಗೆರೇಲಿ ಯಾವ ಆಸ್ಪತ್ರೆಗೆ ಹೋದ್ರೂ, ಅದು ಚಿಗಟೇರಿ ಜಿಲ್ಲಾಸ್ಪತ್ರೆ ಇರ್ಲಿ, ಪಿ.ಜೆ. ಬಡಾವಣೆ ಕಡೆಯ ಸಣ್ಣ ನರ್ಸಿಂಗ್ ಹೋಂ ಇರ್ಲಿ, ವಾರ್ಡಲ್ಲಿ ಈ ಮಾತು ಕಿವಿಗೆ ಬಿದ್ದೇ ಬೀಳುತ್ತೆ: "ಏನ್ರೀ ಸಿಸ್ಟರ್, ಬೆಳಗ್ಗಿಂದ ಎಷ್ಟ್ ಸಲ ಹೆಸ್ರು ಕೇಳ್ತೀರಿ, ಇನ್ನೂ ನೆನಪಾಗ್ಲಿಲ್ಲೇನು?" ನೆನಪಿರುತ್ತೆ ಕಣ್ರಿ. ಆದ್ರೂ ಕೇಳ್ಬೇಕು. ಪೇಷಂಟ್‌ಗೆ ಆಸ್ಪತ್ರೆ ಒಳಗೇ ಆಗಬಹುದಾದ ಅಪಾಯ ತಪ್ಪಿಸೋ ಕೆಲ್ಸ ಬಹುಪಾಲು ಇಂಥ ಬೋರು ಹೊಡಿಸೋ ಪ್ರಶ್ನೆಗಳಲ್ಲೇ ಇರೋದು, ಮತ್ತೆ ಆ ಪ್ರಶ್ನೆಗಳು ಹುಟ್ಟಿದ ಕೂಸಿಗೆ ಬೇರೆ, ಬಾಣಂತಿಗೆ ಬೇರೆ, ಎಂಬತ್ತು ದಾಟಿದ ಅಜ್ಜನಿಗೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2019ರಿಂದ ಸೆಪ್ಟೆಂಬರ್ 17ನ್ನ ಇದಕ್ಕಂತಲೇ ರೋಗಿ ಸುರಕ್ಷತಾ ದಿನ ಅಂತ ಇಟ್ಟಿದೆ. ಜೊತೆಗಿರೋ ಮನೆಯವ್ರಿಗೆ ಇದು ಅರ್ಥ ಆದ್ರೆ ಸಿಸ್ಟರ್ ಕೆಲ್ಸ ಅರ್ಧ ಹಗುರ ಆಗುತ್ತೆ, ಅದಕ್ಕೇ ಒಂದೊಂದಾಗಿ ಹೇಳ್ತೀನಿ.

ಹಂತ 1: ಹೆಸ್ರು ಅವ್ರ ಬಾಯಿಂದ್ಲೇ ಬರ್ಲಿ

ನಮ್ ಕಡೆ ಒಂದೇ ವಾರ್ಡಲ್ಲಿ ಇಬ್ರು ಹನುಮಂತಪ್ಪ, ಮೂವರು ಬಸಮ್ಮ ಇರೋದು ಏನೂ ವಿಶೇಷ ಅಲ್ಲ, ಚಿತ್ರದುರ್ಗದ ಕಡೆ ಹೋದ್ರೆ ತಿಪ್ಪೇಸ್ವಾಮಿಗಳಿಗೆ ಲೆಕ್ಕಾನೇ ಇಲ್ಲ. "ನೀವು ಹನುಮಂತಪ್ಪಾನಾ?" ಅಂತ ಕೇಳಿದ್ರೆ ಕಿವಿ ಮಂದ ಇರೋ ಅಜ್ಜ ಯಾರ ಹೆಸ್ರಿಗಾದ್ರೂ "ಹೂಂ" ಅಂತಾನೆ. ಅದಕ್ಕೆ "ಯಜಮಾನ್ರೇ, ನಿಮ್ ಹೆಸ್ರೇನು?" ಅಂತ ಕೇಳೋದು, ಆಮೇಲೆ ವಯಸ್ಸೋ ಆಸ್ಪತ್ರೆ ನಂಬರೋ ಎರಡನೇ ಗುರುತು ಒಂದನ್ನ ಕೈಪಟ್ಟಿ ಜೊತೆ ಹೊಂದಿಸಿ ನೋಡೋದು. ಬೆಡ್ ನಂಬರ್ ನಂಬೋ ಹಾಗಿಲ್ಲ, ಫ್ಯಾನ್ ಗಾಳಿ ಬರ್ತಿಲ್ಲ ಅಂತ ಪೇಷಂಟ್‌ಗಳೇ ಬೆಡ್ ಬದಲಾಯಿಸ್ಕೊಂಡಿರ್ತಾರೆ. ಪಟ್ಟಿ ಕೈ ತುರಿಸುತ್ತೆ ಅಂತ ಕತ್ತರಿಸಿ ಹಾಕ್ಬೇಡಿ, ಸಿಸ್ಟರ್‌ಗೆ ಹೇಳಿದ್ರೆ ಇನ್ನೊಂದು ಕೈಗೆ ಹಾಕ್ತಾರೆ.

ಡಾಕ್ಟರ್ ಫೋನಲ್ಲಿ ಔಷಧಿ ಹೇಳಿದಾಗ್ಲೂ ಇದೇ ಕತೆ. ಬರ್ಕೊಂಡು, ಬರ್ದಿದ್ದನ್ನ ತಿರುಗಿ ಓದಿ ಹೇಳಿ, ಆ ಕಡೆಯಿಂದ "ಸರಿ" ಅಂತ ಬಂದ ಮೇಲೇನೇ ಕೈ ಹಾಕೋದು. ಫೋನಲ್ಲಿ ಹದಿನೈದೂ ಐವತ್ತೂ ಒಂದೇ ಥರ ಕೇಳುತ್ತೆ ಕೆಲವ್ರ ಇಂಗ್ಲಿಷಲ್ಲಿ.

ಹಂತ 2: ಡ್ರಿಪ್ಪಿನ ಚಕ್ರ ಮುಟ್ಬೇಡಿ, ಉಪವಾಸದ ಪೇಷಂಟ್‌ಗೆ ತಿನ್ನಿಸ್ಬೇಡಿ

ಈ ಎರಡನ್ನೂ ಮಾಡೋರು ಮನೆಯವ್ರೇ, ಅದೂ ಪ್ರೀತಿಯಿಂದ. ಗ್ಲೂಕೋಸ್ ಬೇಗ ಮುಗಿದ್ರೆ ಬೇಗ ಮನೆಗೆ ಹೋಗಬಹುದು ಅಂತ ಆ ಸಣ್ಣ ಚಕ್ರ ಮೇಲಕ್ಕೆ ತಳ್ಳಿಬಿಡ್ತಾರೆ. ಆ ಬಾಟ್ಲಿ ಒಳಗೆ ಪೊಟ್ಯಾಸಿಯಂ ಬೆರೆಸಿದ್ರೆ ಅದು ಜೋರಾಗಿ ಹೋದಾಗ ಹೃದಯದ ಬಡಿತಾನೇ ಏರುಪೇರಾಗುತ್ತೆ. ಬರೀ ನೀರು ಉಪ್ಪಿಂದಾದ್ರೂ ಅಷ್ಟೇ, ಹಾರ್ಟ್ ಅಥವಾ ಕಿಡ್ನಿ ವೀಕ್ ಇರೋ ಅಜ್ಜಿಗೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತೆ.

ಆಪರೇಷನ್‌ಗೆ ಮುಂಚಿನ ಉಪವಾಸದ ಕತೆ ಇನ್ನೂ ದೊಡ್ಡದು. "ಪಾಪ, ರಾತ್ರಿಯಿಂದ ಏನೂ ತಿಂದಿಲ್ಲ" ಅಂತ ಅಜ್ಜಿ ಸೆರಗಿನ ಮರೇಲಿ ಬೆಣ್ಣೆ ದೋಸೆ ತುಂಡು ತಂದು ಮೊಮ್ಮಗನ ಬಾಯಿಗೆ ಇಡ್ತಾಳೆ. ಅರಿವಳಿಕೆ ಕೊಟ್ಟಾಗ ಹೊಟ್ಟೇಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ ಜೀವಕ್ಕೇ ಕುತ್ತು. ಎಣ್ಣೆ ಬೆಣ್ಣೆ ಇರೋ ತಿಂಡಿ ಹೊಟ್ಟೆಯಿಂದ ಇಳಿಯೋಕೆ 8 ಗಂಟೆ ಲೆಕ್ಕ, ಹಗುರ ಊಟಕ್ಕೆ 6, ಬರೀ ನೀರಿಗೆ 2, ಆದ್ರೂ ನಿಮ್ ಪೇಷಂಟ್‌ಗೆ ಎಷ್ಟು ಅಂತ ಅರಿವಳಿಕೆ ಡಾಕ್ಟರ್ ಹೇಳಿದ್ದೇ ಕೊನೆ ಮಾತು. ಅಕಸ್ಮಾತ್ ತಿನ್ನಿಸಿಬಿಟ್ಟಿದ್ರೆ ಬೈತಾರೆ ಅಂತ ಮುಚ್ಚಿಡ್ಬೇಡಿ. ಬೈದ್ರೆ ಬೈಲಿ, ಆಪರೇಷನ್ ಮುಂದಕ್ಕೆ ಹೋಗುತ್ತೆ ಅಷ್ಟೇ.

ಹಂತ 3: ಹುಟ್ಟಿದ ಕೂಸು

ತಾಯಿ ಕೈಪಟ್ಟಿ, ಕೂಸಿನ ಪಟ್ಟಿ ಎರಡರಲ್ಲೂ ಒಂದೇ ಹೆಸ್ರು ನಂಬರ್ ಇದ್ಯಾ ಅಂತ ಕೂಸನ್ನ ಎತ್ಕೊಂಡು ಹೋಗುವಾಗ್ಲೂ ತಂದು ಕೊಡುವಾಗ್ಲೂ ನೋಡ್ತಾರೆ, ನೀವೂ ನೋಡಿ. ಬಿಳಿ ಕೋಟ್ ಹಾಕಿದ್ದಾರೆ ಅಂತ ಗುರುತಿಲ್ಲದೋರ ಕೈಗೆ ಕೂಸು ಕೊಡ್ಬೇಡಿ, ಯಾವ ಸಿಸ್ಟರೂ ಇದಕ್ಕೆ ಬೇಜಾರು ಮಾಡ್ಕೊಳ್ಳಲ್ಲ. ರಕ್ತಸ್ರಾವ ಆಗದಂಗೆ ವಿಟಮಿನ್ ಕೆ ಇಂಜೆಕ್ಷನ್ ಕೊಡೋದು, ತಾಯಿ ಎದೆಗೆ ಚರ್ಮಕ್ಕೆ ಚರ್ಮ ತಾಗೋ ಹಂಗೆ ಮಲಗಿಸಿ ಬೆಚ್ಚಗಿಡೋದು, ಇವೆಲ್ಲ ಸಿಸ್ಟರ್ ಮಾಡ್ತಾರೆ. ಮನೇಲಿ ಆಗೋ ಅಪಾಯಗಳೇ ಬೇರೆ: ಮೂಗಿಗೆ ಕಿವಿಗೆ ಎಣ್ಣೆ ಬಿಡೋದು, ಕಣ್ಣಿಗೆ ಕಾಡಿಗೆ, ನಾಲಿಗೆಗೆ ಬಜೆ ಮತ್ತು ಜೇನು. ವರ್ಷ ತುಂಬೋ ತನಕ ಜೇನುತುಪ್ಪ ಬೇಡವೇ ಬೇಡ, ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆ ಕರುಳಲ್ಲಿ ಬೆಳೆದು ವಿಷ ಬಿಡುತ್ತೆ, ದೊಡ್ಡೋರಿಗೆ ಏನೂ ಆಗಲ್ಲ. ಮಲಗಿಸೋದು ಬೆನ್ನ ಮೇಲೆ, ಮೆತ್ತನೆ ದಿಂಬು ದುಪ್ಪಟಿ ಮುಖದ ಹತ್ರ ಇಲ್ದಂಗೆ. ಅತ್ತೆ ಜೊತೆ ಜಗಳ ಆಗುತ್ತೆ ಅಂತೀರಾ, ಡಿಸ್ಚಾರ್ಜ್ ದಿನ ಅತ್ತೇನೂ ಕರ್ಕೊಂಡು ಬನ್ನಿ, ಸಿಸ್ಟರ್ ಬಾಯಿಂದ ಕೇಳಿದ್ರೆ ಬೇಗ ಒಪ್ಕೊಳ್ತಾರೆ.

ಬಾಣಂತಿ ಕೋಣೆ ಬಗ್ಗೆನೂ ಇಲ್ಲೇ ಹೇಳ್ಬಿಡ್ತೀನಿ. ಕಿಟಕಿ ಬಾಗಿಲು ಮುಚ್ಚಿ ಕೆಂಡ ಇಟ್ಟು ಹೊಗೆ ಹಾಕೋದು ನಮ್ ಕಡೆ ಇನ್ನೂ ಇದೆ, ಅದರಿಂದ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಾಸನೆನೇ ಇಲ್ಲದ ಗಾಳಿ ಕೋಣೆ ತುಂಬುತ್ತೆ, ತಾಯಿ ಕೂಸು ಇಬ್ರೂ ನಿದ್ದೆಯಲ್ಲೇ ಹೋಗಬಹುದು. ಒಂದು ಗಂಟೆ ಒಳಗೆ ಪ್ಯಾಡ್ ಪೂರ್ತಿ ನೆನೆದ್ರೆ, ತಲೆನೋವು ಜೋರಾಗಿ ಕಣ್ಣು ಮಂಜಾದ್ರೆ, ಹೆರಿಗೆ ಆಗಿ ವಾರ ಕಳೆದಿದ್ರೂ ಸರಿ, ತಾಯಿ ಕಾರ್ಡ್ ಹಿಡ್ಕೊಂಡು 108 ಕರೀರಿ.

ಹಂತ 4: ಓಡಾಡೋ ವಯಸ್ಸಿನ ಮಕ್ಳು

ಮಕ್ಕಳ ವಾರ್ಡಲ್ಲಿ ಮೊದ್ಲು ತೂಕ ನೋಡ್ತಾರೆ, ಯಾಕಂದ್ರೆ ಮಕ್ಕಳ ಔಷಧಿ ಲೆಕ್ಕ ಎಲ್ಲ ಕೆಜಿ ಮೇಲೆ. ಜ್ವರದ ಪ್ಯಾರಾಸಿಟಮಾಲನ್ನೇ ತಗೊಳ್ಳಿ. ಸಾಮಾನ್ಯವಾಗಿ ಒಂದು ಸಲಕ್ಕೆ ಕೆಜಿಗೆ 15 ಮಿಲಿಗ್ರಾಂ ತನಕ, ಅಂದ್ರೆ 10 ಕೆಜಿ ಮಗುಗೆ 150. ಈಗ ನಿಮ್ಮನೆ ಕಪಾಟಲ್ಲಿರೋ ಬಾಟ್ಲಿ ತೆಗೆದು ಓದಿ. 5 ಎಂಎಲ್‌ಗೆ 125 ಮಿಲಿಗ್ರಾಂ ಇರೋ ಸಿರಪ್ ಆದ್ರೆ 6 ಎಂಎಲ್ ಬೇಕು, 250 ಇರೋದಾದ್ರೆ 3 ಸಾಕು, ಡ್ರಾಪ್ಸ್ ಆದ್ರೆ ಬಹಳಷ್ಟು 1 ಎಂಎಲ್‌ಗೇ 100 ಇರುತ್ತೆ, ಅಂದ್ರೆ ಒಂದೂವರೆ ಎಂಎಲ್ ಅಷ್ಟೇ. "ಕಳೆದ ಸಲ 6 ಎಂಎಲ್ ಹಾಕಿದ್ವಿ" ಅನ್ನೋ ನೆನಪಲ್ಲಿ ಈ ಸಲ ಡ್ರಾಪ್ಸ್ ಬಾಟ್ಲಿಯಿಂದ 6 ಹಾಕಿದ್ರೆ ನಾಲ್ಕು ಪಟ್ಟು ಹೋಯ್ತು, ಲಿವರ್‌ಗೆ ಪೆಟ್ಟು. ಅದಕ್ಕೆ ಸಿಸ್ಟರ್ ಯಾವತ್ತೂ "ಎಷ್ಟು ಎಂಎಲ್" ಜೊತೆಗೆ "ಯಾವ ಬಾಟ್ಲಿ" ಅಂತಾನೂ ಕೇಳೋದು. ಡಾಕ್ಟರ್ ಬರ್ದ ಚೀಟಿ ಆ ಬಾಟ್ಲಿಗೇ ರಬ್ಬರ್ ಬ್ಯಾಂಡ್ ಹಾಕಿ ಇಡಿ, ಅಡುಗೆಮನೆ ಚಮಚ ಬೇಡ, ಬಾಟ್ಲಿ ಜೊತೆ ಬಂದ ಅಳತೆ ಮುಚ್ಚಳನೇ ಬಳಸಿ.

ಮನೆ ಕಡೆ ನೋಡೋದಾದ್ರೆ ಸಂಜೆ ಖಾರ ಮಂಡಕ್ಕಿ ತಟ್ಟೆ ಮುಂದೆ ಕೂತ ಎರಡು ವರ್ಷದ ಮಗು ಮೇಲೆ ಕಣ್ಣಿಡಿ, ಮಂಡಕ್ಕಿಗಿಂತ ಅದರೊಳಗಿನ ಶೇಂಗಾ ಭಯ. ಅರ್ಧ ಬೀಜ ಸಾಕು ಉಸಿರುನಾಳಕ್ಕೆ ಸಿಕ್ಕಾಕ್ಕೊಳ್ಳೋಕೆ, ನಾಲ್ಕೈದು ವರ್ಷ ಆಗೋ ತನಕ ಇಡೀ ಬೀಜ ಕೊಡ್ಬೇಡಿ. ಬಚ್ಚಲಲ್ಲಿ ಬಕೆಟ್‌ಗೆ ಮೊದ್ಲು ತಣ್ಣೀರು, ಆಮೇಲೆ ಹಂಡೆ ಬಿಸಿನೀರು. ಸುಟ್ರೆ 20 ನಿಮಿಷ ನಲ್ಲಿ ನೀರು ಬಿಡೋದು, ಟೂತ್‌ಪೇಸ್ಟ್ ಇಂಕು ಏನೂ ಬೇಡ. ಸೀಮೆಎಣ್ಣೆ, ಥಿನ್ನರ್ ಕುಡಿದಿದ್ರೆ ಬೆರಳು ಹಾಕಿ ವಾಂತಿ ಮಾಡಿಸ್ಬೇಡಿ, ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗೋದೇ ಹೆಚ್ಚು ಅಪಾಯ. ಕುಡಿದ ಬಾಟ್ಲಿ ಸಮೇತ ಆಸ್ಪತ್ರೆಗೆ ಬನ್ನಿ. ಇನ್ನು ಬೈಕ್ ಟ್ಯಾಂಕ್ ಮೇಲೆ ಮಗು ಕೂರಿಸ್ಕೊಂಡು ಹೈವೇ ದಾಟೋರಿಗೆ: ಕೇಂದ್ರ ಸರ್ಕಾರ 2022ರಲ್ಲಿ ತಂದ ನಿಯಮದ ಪ್ರಕಾರ 9 ತಿಂಗಳಿಂದ 4 ವರ್ಷದ ಮಗುಗೆ ಹೆಲ್ಮೆಟ್ಟೂ ಸವಾರನಿಗೆ ಕಟ್ಟೋ ಸೇಫ್ಟಿ ಬೆಲ್ಟೂ ಬೇಕು, ಸ್ಪೀಡ್ 40 ದಾಟೋ ಹಾಗಿಲ್ಲ.

ಹಂತ 5: ದುಡಿಯೋ ವಯಸ್ಸಿನೋರು, ಮುಚ್ಚಿಡೋ ವಿಷಯಗಳು

"ಕುಡೀತಾರಾ?" ಅಂತ ಸಿಸ್ಟರ್ ಕೇಳಿದ್ರೆ ಹೆಂಡ್ತಿ ತಲೆ ತಗ್ಗಿಸಿ "ಇಲ್ಲ ರೀ, ಹಬ್ಬಕ್ಕೆ ಯಾವಾಗ್ಲೋ" ಅಂತಾಳೆ, ಮರ್ಯಾದೆ ಪ್ರಶ್ನೆ. ಕಾಲು ಮುರಿದು ಬಂದೋರನ್ನ ಇದ್ಯಾಕೆ ಕೇಳ್ಬೇಕು ಅಂದ್ರೆ, ದಿನಾ ಕುಡಿಯೋರಿಗೆ ದಿಢೀರಂತ ನಿಂತಾಗ ಮೊದಲ ದಿನ ಕೈ ನಡುಕ ಬೆವರು, ಎರಡು ಮೂರನೇ ದಿನದ ಹೊತ್ತಿಗೆ ಕೆಲವ್ರಿಗೆ ಫಿಟ್ಸು, ಗೋಡೆ ಮೇಲೆ ಹುಳ ಹರಿದಂಗೆ ಕಾಣೋದು, ಡ್ರಿಪ್ ಕಿತ್ಕೊಂಡು ಕಟ್ಟು ಹಾಕಿದ ಕಾಲಲ್ಲೇ ಎದ್ದು ನಡೆಯೋದು. ಮೊದ್ಲೇ ಗೊತ್ತಿದ್ರೆ ಮಾತ್ರೆ ಕೊಟ್ಟು ತಡೀಬಹುದು. ಇಲ್ಲಾಂದ್ರೆ "ದೆವ್ವ ಮೆಟ್ಟಿದೆ" ಅಂತ ಮನೆಯವ್ರು ಯಂತ್ರ ಕಟ್ಟಿಸೋಕೆ ಓಡ್ತಾರೆ.

ಮೆಕ್ಕೆಜೋಳಕ್ಕೆ ಹೊಡೆಯೋ ವಿಷದ ಔಷಧಿ ಕುಡಿದು ಬಂದೋರಿಗೆ ಬದುಕಿದ ಮೇಲೂ ಸಿಸ್ಟರ್ ನೇರವಾಗೇ ಕೇಳ್ತಾರೆ, "ಸಾಯೋ ಯೋಚ್ನೆ ಇನ್ನೂ ಬರ್ತಿದ್ಯಾ?" ಕೇಳಿದ್ರೆ ನೆನಪು ಮಾಡಿದಂಗಾಗುತ್ತೆ ಅಂತ ಜನ ಹೆದರ್ತಾರೆ, ಹಂಗೇನಿಲ್ಲ, ಕೇಳಿದ್ರೆ ಮನಸ್ಸು ಹಗುರ ಆಗುತ್ತೆ. ಟೆಲಿ ಮಾನಸ್ ನಂಬರ್ 14416, ಯಾವ ಹೊತ್ತಲ್ಲಾದ್ರೂ ಕನ್ನಡದಲ್ಲೇ ಮಾತಾಡಬಹುದು. ಹಾವು ಕಡಿದ್ರೆ ಬಿಗಿಯಾಗಿ ಕಟ್ಟೋದು, ಬ್ಲೇಡಲ್ಲಿ ಕೊಯ್ಯೋದು ಬೇಡ, ಕಾಲು ಅಲ್ಲಾಡದಂಗೆ ಹಿಡ್ಕೊಂಡು ಆಸ್ಪತ್ರೆಗೆ, ನಾಟಿ ಔಷಧಿ ಆಮೇಲೆ ಬೇಕಾದ್ರೆ ನೋಡ್ಕೊಳ್ಳಿ.

ಹಂತ 6: ಸಕ್ಕರೆ ಕಾಯಿಲೆಯ ಇನ್ಸುಲಿನ್ ಇಂಜೆಕ್ಷನ್

ಇದಕ್ಕೆ ಒಂದು ನಿಮಿಷ ಹೆಚ್ಚು ಕೊಡಿ, ಮನೆಮನೇಲೂ ಶುಗರ್ ಇದೆ. ನಮ್ ದೇಶದಲ್ಲಿ ಸಿಗೋ ಇನ್ಸುಲಿನ್ ಸಿರಿಂಜ್ ಎರಡು ಥರ. ಕೆಂಪು ಮುಚ್ಚಳದ್ದು ಒಂದು ಎಂಎಲ್‌ಗೆ 40 ಯೂನಿಟ್ ಇರೋ ಔಷಧಿಗೆ, ಕಿತ್ತಳೆ ಮುಚ್ಚಳದ್ದು ಎಂಎಲ್‌ಗೆ 100 ಯೂನಿಟ್ ಇರೋದಕ್ಕೆ. ಬಾಟ್ಲಿ ಮೇಲೂ 40 ಅಥವಾ 100 ಅಂತ ಬರ್ದಿರುತ್ತೆ, ಎರಡೂ ಹೊಂದ್ಬೇಕು. 100ರ ಔಷಧಿಯನ್ನ ಕೆಂಪು ಮುಚ್ಚಳದ ಸಿರಿಂಜಲ್ಲಿ 20ರ ಗೆರೆ ತನಕ ಎಳೆದ್ರೆ ಮೈಗೆ ಹೋಗೋದು 50 ಯೂನಿಟ್, ಶುಗರ್ ಧಡ್ ಅಂತ ಇಳಿದು ಬೆವರು, ನಡುಕ, ಪ್ರಜ್ಞೆ ತಪ್ಪೋದು. ಉಲ್ಟಾ ಆದ್ರೆ ಹೋಗೋದು ಬರೀ 8, ಶುಗರ್ ಇಳಿಯೋದೇ ಇಲ್ಲ, ಮನೆಯವ್ರು "ಔಷಧಿ ಡೂಪ್ಲಿಕೇಟ್" ಅಂತ ಮೆಡಿಕಲ್ ಸ್ಟೋರ್ ಮೇಲೆ ಜಗಳಕ್ಕೆ ಹೋಗ್ತಾರೆ. ವಾರ್ಡಲ್ಲಿ ಇನ್ಸುಲಿನ್ ಎಳೆದ ಮೇಲೆ ಇನ್ನೊಬ್ಬ ಸಿಸ್ಟರ್‌ಗೆ ತೋರಿಸೋ ಪದ್ಧತಿ ಇರೋದು ಇದಕ್ಕೇ. ಮನೇಲಿ ಆ ಎರಡನೇ ಕಣ್ಣು ನೀವಾಗಿ. ಇಂಜೆಕ್ಷನ್ ಚುಚ್ಚಿದ ಮೇಲೆ ಊಟ ಮರೆಯೋ ಹಾಗಿಲ್ಲ ಅಂತ ಬೇರೆ ಹೇಳ್ಬೇಕಿಲ್ಲ.

ಹಂತ 7: ಅಜ್ಜ ಅಜ್ಜಿ ಬೀಳದಂಗೆ

ಬೀಳೋದು ಹೆಚ್ಚಾಗಿ ರಾತ್ರಿ, ಬಚ್ಚಲಿಗೆ ಹೋಗುವಾಗ. ಸೊಸೆ ಕೆಳಗೆ ಚಾಪೆ ಹಾಸ್ಕೊಂಡು ಮಲಗಿರ್ತಾಳೆ, ದಿನವಿಡೀ ಓಡಾಡಿ ಸುಸ್ತಾಗಿದ್ದಾಳೆ, ಎಬ್ಬಿಸೋದು ಬೇಡ ಅಂತ ಅಜ್ಜ ತಾನೇ ಮಂಚದ ಕಂಬಿ ದಾಟೋಕೆ ಹೋಗ್ತಾನೆ. ಕಂಬಿ ಇದ್ರೆ ಸೇಫು ಅನ್ಕೊಳ್ತೀವಿ, ಗಲಿಬಿಲಿ ಇರೋ ಅಜ್ಜ ಅದನ್ನ ಹತ್ತಿ ಬಿದ್ರೆ ಇನ್ನೂ ಎತ್ತರದಿಂದ ಬೀಳ್ತಾನೆ. ಅದಕ್ಕೆ ಮಂಚ ಕೆಳಗಿಳಿಸಿ, ಚಕ್ರಕ್ಕೆ ಲಾಕ್ ಹಾಕಿ, ಮಲಗೋ ಮುಂಚೆ ಒಂದು ಸಲ ಬಚ್ಚಲಿಗೆ ಕರ್ಕೊಂಡು ಹೋಗಿ, ಕೈಗೆಟುಕೋ ಕಡೆ ನೀರು ಕನ್ನಡಕ ಕರೆಗಂಟೆ ಇಡಿ, ಒಂದು ಲೈಟ್ ಉರೀಲಿ. ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆ, ನಿದ್ದೆ ಮಾತ್ರೆ ತಗೊಳ್ಳೋರು ಎದ್ದ ತಕ್ಷಣ ನಿಂತ್ರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತೆ, ಮಂಚದ ಅಂಚಲ್ಲಿ ಒಂದೆರಡು ನಿಮಿಷ ಕಾಲು ಇಳಿಬಿಟ್ಟು ಕೂತು ಆಮೇಲೆ ಏಳ್ಲಿ. ಮೂತ್ರ ಜಾಸ್ತಿ ಹೋಗಿಸೋ ನೀರಿನ ಮಾತ್ರೆ ಬೆಳಗ್ಗೆ ಕೊಡಬಹುದಾ ಅಂತ ಡಾಕ್ಟರ್‌ನ ಕೇಳಿ. ಸವೆದ ಹವಾಯಿ ಚಪ್ಪಲಿ ಎಸೀರಿ. ಮನೆ ಬಚ್ಚಲಲ್ಲಿ ಒಂದು ಸ್ಟೀಲ್ ಹಿಡಿಕೆ ಹಾಕಿಸೋಕೆ ಎಷ್ಟಾಗುತ್ತೆ, ಸೊಂಟದ ಆಪರೇಷನ್ ಖರ್ಚಿನ ಮುಂದೆ ಏನೂ ಅಲ್ಲ.

ಮಲಗಿದಲ್ಲೇ ಇರೋರನ್ನ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸ್ಬೇಕು. ಬೆಳ್ಳಗಿರೋರಲ್ಲಿ ಹುಣ್ಣಾಗೋ ಮುಂಚೆ ಕೆಂಪು ಕಾಣುತ್ತೆ, ನಮ್ ಬಿಸಿಲಿನ ಕಪ್ಪು ಮೈಯಲ್ಲಿ ಅದು ಕಣ್ಣಿಗೆ ಬೀಳಲ್ಲ. ಸೊಂಟದ ಕೆಳಗೆ, ಹಿಮ್ಮಡಿ ಹತ್ರ ಕೈಯಿಟ್ಟು ನೋಡಿ: ಪಕ್ಕದ ಚರ್ಮಕ್ಕಿಂತ ಬಿಸಿ ಇದ್ಯಾ, ಗಟ್ಟಿ ಇದ್ಯಾ, ಮುಟ್ಟಿದ್ರೆ ನೋವಾ? ಇದ್ರೆ ಅದೇ ಶುರು, ಅಲ್ಲಿ ತಿಕ್ಕಿ ಮಾಲೀಶ್ ಮಾಡ್ಬೇಡಿ, ಭಾರ ಬೀಳದಂಗೆ ಮಲಗಿಸಿ ಸಿಸ್ಟರ್‌ಗೆ ಹೇಳಿ. ಆಮೇಲೆ ಕೈ ತೊಳೆಯೋದು: ಪೇಷಂಟ್‌ನ ಮುಟ್ಟೋ ಮೊದ್ಲು, ಮುಟ್ಟಿದ ಮೇಲೆ, ಸೋಪಾದ್ರೆ 40ರಿಂದ 60 ಸೆಕೆಂಡ್, ಸ್ಯಾನಿಟೈಸರ್ ಆದ್ರೆ 20ರಿಂದ 30. "ಸಿಸ್ಟರ್, ಕೈ ತೊಳ್ಕೊಂಡ್ರಾ" ಅಂತ ಕೇಳೋ ಹಕ್ಕು ನಿಮಗಿದೆ, ನಗ್ತಾ ಕೇಳಿ ಸಾಕು.

ಹಂತ 8: ಮನೆಗೆ ಹೋಗೋ ದಿನ

ಗಾಡಿ ಹೊರಗೆ ನಿಂತಿರುತ್ತೆ, ಬಿಲ್ ಆಗಿರುತ್ತೆ, ಯಾರಿಗೂ ಕೇಳಿಸ್ಕೊಳ್ಳೋ ತಾಳ್ಮೆ ಇರಲ್ಲ. ಆವಾಗ್ಲೇ ಸಿಸ್ಟರ್ "ನಾನು ಹೇಳಿದ್ದನ್ನ ನೀವು ಒಂದ್ಸಲ ಹೇಳಿ ನೋಡನ" ಅಂತಾರೆ, ಪರೀಕ್ಷೆ ಅಂತ ಸಿಟ್ಟು ಮಾಡ್ಕೊಳ್ಬೇಡಿ. ಮನೇಲಿದ್ದ ಹಳೇ ಮಾತ್ರೆ ಎಲ್ಲಾ ಒಂದು ಕವರಲ್ಲಿ ತಂದು ಅವ್ರ ಮುಂದೆ ಸುರೀರಿ, ಆಯುರ್ವೇದದ ಚೂರ್ಣ ಸಮೇತ. ಕಂಪನಿ ಹೆಸ್ರು ಬೇರೆ ಇದ್ರೂ ಒಳಗಿನ ಔಷಧಿ ಒಂದೇ ಇರುತ್ತೆ ಎಷ್ಟೋ ಸಲ, ಹಳೇದೂ ಹೊಸದೂ ಸೇರಿ ಡಬಲ್ ಡೋಸ್ ಆಗೋದು ಹಿಂಗೇ. ನಿಲ್ಲಿಸ್ಬೇಕಾದ್ದನ್ನ ಅಲ್ಲೇ ಬೇರೆ ಮಾಡ್ಸಿ. ಓದೋಕೆ ಬರದ ಅವ್ವನಿಗೆ ಮಾತ್ರೆ ಶೀಟಿನ ಮೇಲೆ ಬೆಳಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ ಬರೆದು ಕೊಡಿ ಅಂದ್ರೆ ಬರ್ದು ಕೊಡ್ತಾರೆ. ಡಿಸ್ಚಾರ್ಜ್ ಕಾರ್ಡಿನ ಎರಡೂ ಬದಿ ಮೊಬೈಲಲ್ಲಿ ಫೋಟೋ ಹೊಡ್ಕೊಂಡು ಮನೆಯವ್ರ ಗ್ರೂಪಿಗೆ ಹಾಕಿ, ಯಾವ ವಾಸನೆ, ಯಾವ ನೋವು, ಎಷ್ಟು ಜ್ವರ ಬಂದ್ರೆ ವಾಪಸ್ ಬರ್ಬೇಕು ಅಂತ ಅದರ ಕೆಳಗೇ ಟೈಪ್ ಮಾಡಿ ಇಡಿ.