ಮೈದುನನ ಬೆಟ್ಟಿಂಗು, ಮನೆಯ ಲೆಕ್ಕದ ಪುಸ್ತಕ

ನಮ್ಮದು ಶಿಡ್ಲಘಟ್ಟ ತಾಲೂಕಿನ ಹಳ್ಳಿ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಮನೆ, ಎರಡು ಸೀಮೆಹಸು, ಕೂಡು ಸಂಸಾರ. ಹೆಂಗಸರ ಸಂಘದ ಪುಸ್ತಕ ಬರೆದು ಅಭ್ಯಾಸವಿದ್ದದ್ದರಿಂದ ಮನೆಯ ಲೆಕ್ಕವೂ ನನ್ನ ಪಾಲಿಗೆ ಬಂತು. ಮೈದುನನಿಗೆ ಫೋನಿನಲ್ಲಿ ಮ್ಯಾಚಿನ ಮೇಲೆ ದುಡ್ಡು ಕಟ್ಟುವ ಬೆಟ್ಟಿಂಗ್ ಹತ್ತಿದೆ ಅಂತ ಗೊತ್ತಾದದ್ದು ಆ ಲೆಕ್ಕದಿಂದಲೇ. ‘ಬರೀರಿ ಅತ್ತಿಗೆ, ಇನ್ನೊಂದು ಮನೆಗಾದರೂ ಉಪಯೋಗ ಆಗಲಿ’ ಅಂತ ಅವನೇ ಹೇಳಿದ ಮೇಲೆ ಬರೆಯುತ್ತಿದ್ದೇನೆ.

ಇಸ್ಪೀಟಿನ ಎಲೆ ಕಂಡರೆ ಹೌಹಾರುವ ಮನೆ ನಮ್ಮದಲ್ಲ. ಯುಗಾದಿ ಬಂದರೆ ನಮ್ಮ ಸೀಮೆಯಲ್ಲಿ ಜಗಲಿ ಜಗಲಿಯಲ್ಲೂ ಇಸ್ಪೀಟು. ಮಾವನವರು ಒಬ್ಬಟ್ಟು ಉಂಡು ಹೊರಡುವಾಗ ಜೇಬಿನಲ್ಲಿ ಎಷ್ಟಿದೆ ಅಂತ ಅತ್ತೆಗೆ ಹೇಳಿಯೇ ಹೋಗುತ್ತಾರೆ. ಅದು ಖಾಲಿಯಾದರೆ ಎದ್ದು ಬರುತ್ತಾರೆ. ಆಟದಲ್ಲಿ ಕೈಸಾಲ ಕೇಳುವುದಿಲ್ಲ, ಕೊಡುವುದೂ ಇಲ್ಲ. ಹೊಸತೊಡಕು ಕಳೆದ ಮಾರನೇ ಬೆಳಿಗ್ಗೆ ಸೊಪ್ಪು ಕೊಯ್ಯಲು ತೋಟದಲ್ಲಿರುತ್ತಾರೆ. ಮುಂದಿನ ಯುಗಾದಿಯವರೆಗೆ ಆ ಮಾತೇ ಇಲ್ಲ. ಹಬ್ಬದ ದಿನವಾದರೂ ದುಡ್ಡಿಟ್ಟು ಅಂದರ್ ಬಾಹರ್ ಆಡುವುದು ಕಾನೂನಿಗೆ ವಿರುದ್ಧವೇ, ಅದನ್ನು ಸಮರ್ಥಿಸುತ್ತಿಲ್ಲ. ಆದರೆ ಮೈದುನನದು ಬೇರೆ ಸ್ಥಿತಿ ಅಂತ ನನಗೆ ಅರ್ಥವಾದದ್ದು ಮಾವನವರನ್ನು ನೋಡಿ ಗೊತ್ತಿದ್ದರಿಂದ.

ಸೋತ ಮೊತ್ತ ನೋಡಿದ್ದರೆ ನನಗೆ ಏನೂ ತಿಳಿಯುತ್ತಿರಲಿಲ್ಲ, ಮೊದಮೊದಲು ಅದು ಚಿಕ್ಕದೇ ಇತ್ತು. ಸೋತ ಮೇಲೆ ಅವನು ಏನು ಮಾಡುತ್ತಿದ್ದ ಅನ್ನುವುದು ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಕಾಣುತ್ತಿತ್ತು. ರಾತ್ರಿ ಹತ್ತರ ಮೇಲೆ 500, ಸ್ವಲ್ಪ ಹೊತ್ತಿಗೆ 1,000, ಅದರ ಬೆನ್ನಿಗೇ 2,000. ಹೋದದ್ದನ್ನು ಅದೇ ರಾತ್ರಿ ವಾಪಸು ತರುವ ಹಟ. ನಡುನಡುವೆ ದುಡ್ಡು ಒಳಗೂ ಬಂದಿತ್ತು, ಆದರೆ ಗೆದ್ದದ್ದು ಒಂದು ಸಲವೂ ಮನೆ ಸೇರಲಿಲ್ಲ, ಮತ್ತೆ ಅಲ್ಲಿಗೇ ಹೋಯಿತು. ಇನ್ನೊಂದು, ಸುಳ್ಳು. ‘ಗೂಡಿಗೆ ರೇಟು ಸಿಗಲಿಲ್ಲ’ ಅಂದ. ಮಾರುಕಟ್ಟೆಯ ಚೀಟಿಯಲ್ಲಿ ತೂಕ, ದರ ಎರಡೂ ಇರುತ್ತವೆ. ಅವನು ಹೇಳಿದ್ದಕ್ಕೂ ಚೀಟಿಗೂ ತಾಳೆಯಾಗಲಿಲ್ಲ. ನನ್ನ ಎದೆ ಒಡೆದದ್ದು ಮಾತ್ರ ಹುಳು ಮನೆಯಲ್ಲಿ. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವುದು, ಮುಗಿಸಿ ಎದ್ದ ಹುಳುವಿಗೆ ರಾತ್ರಿ ಸೊಪ್ಪು ತಪ್ಪಿಸುವ ಹುಡುಗನೇ ಅಲ್ಲ ಅವನು. ಆ ಬೆಳೆಯಲ್ಲಿ ತಟ್ಟೆಗಳು ಬರಿದಾಗಿದ್ದವು, ಅವನು ಮೂಲೆಯಲ್ಲಿ ಫೋನು ಹಿಡಿದು ಕೂತಿದ್ದ.

ಮಾತಾಡುವ ಮೊದಲು 14416ಕ್ಕೆ ಫೋನು ಮಾಡಿದೆ. ಅದು ಟೆಲಿ ಮಾನಸ್, ಮನಸ್ಸಿನ ತೊಂದರೆಗಳಿಗೆಂದು 2022ರಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆಮೇಲೆ ಒಂದು ಬೆಳಿಗ್ಗೆ, ಹಿರಿಯರು ಯಾರೂ ಇಲ್ಲದಾಗ, ಸ್ಟೇಟ್‌ಮೆಂಟ್ ಮುಂದಿಟ್ಟು ಕೂತೆ. ಸೋತ ರಾತ್ರಿ ಕೇಳಿದರೆ ಜಗಳವಾಗುತ್ತದೆ. ಜೂಜಿನ ಚಟ ಗುರುತಿಸಲು ಬಳಸುವ ಎರಡು ಪ್ರಶ್ನೆಗಳಿವೆ, ಅವನ್ನೇ ಕೇಳಿದೆ: ಹೆಚ್ಚು ಹೆಚ್ಚು ದುಡ್ಡು ಕಟ್ಟಲೇಬೇಕು ಅನ್ನಿಸಿದೆಯಾ? ಎಷ್ಟು ಆಡಿದೆ ಅನ್ನುವುದನ್ನು ನಿನ್ನವರಿಗೆ ಸುಳ್ಳು ಹೇಳಬೇಕಾಗಿ ಬಂದಿದೆಯಾ? ಎರಡಕ್ಕೂ ತಲೆ ಆಡಿಸಿದ. ಮೂರನೆಯದನ್ನು ನಾನೇ ಸೇರಿಸಿದೆ: ಸಾಯಬೇಕು ಅನ್ನಿಸಿದೆಯಾ? ಬಾಯಿಬಿಟ್ಟು ಕೇಳಬೇಕು. ಕೇಳಿದ್ದರಿಂದ ಯಾರೂ ಆ ದಾರಿ ಹಿಡಿಯುವುದಿಲ್ಲ. ಅವನು ಅತ್ತ. ಅವತ್ತೇ ತೋಟದ ಔಷಧಿಗಳಿಗೆಲ್ಲ ಬೀಗ ಹಾಕಿದೆ.

ಸಾಲದ ವಿಷಯಕ್ಕೆ ಮನೆಯಲ್ಲಿ ದೊಡ್ಡ ವಾದವೇ ನಡೆಯಿತು. ಒಂದಷ್ಟು ಗುಂಟೆ ಮಾರಿ ಒಂದೇ ಸಲ ತೀರಿಸಿಬಿಡೋಣ ಅಂದರು ಯಜಮಾನರು. ನಾನು ಒಪ್ಪಲಿಲ್ಲ. ಆಸೆ ಇನ್ನೂ ತಣ್ಣಗಾಗಿಲ್ಲದವನ ಸಾಲವನ್ನು ಪೂರ್ತಿ ತೀರಿಸಿದರೆ ಮಾರನೇ ದಿನ ಅವನಿಗೆ ಹೊಸ ಸಾಲ ಹುಟ್ಟುತ್ತದೆ. ಎರಡು ಹಾಳೆ ಮಾಡಿದೆವು. ಒಂದರಲ್ಲಿ ಕೊಡಲೇಬೇಕಾದ್ದು: ಫೈನಾನ್ಸು, ಸ್ನೇಹಿತರ ಕೈಸಾಲ, ಅಡವಿಟ್ಟ ಅತ್ತೆಯ ಸರ. ಇನ್ನೊಂದರಲ್ಲಿ ಬಾಜಿ ಕಟ್ಟಿಸಿಕೊಳ್ಳುವ ಬುಕ್ಕಿಗೆ ಸೋತದ್ದು. 1872ರ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಬಾಜಿಯ ಒಪ್ಪಂದ ಅಸಿಂಧು, ಅದರ ಮೇಲೆ ಯಾರೂ ಕೋರ್ಟಿಗೆ ಹೋಗಿ ವಸೂಲಿ ಮಾಡುವಂತಿಲ್ಲ. ಹೆದರಿಸಿದರೆ ಪೊಲೀಸರಿಗೆ ಹೇಳುತ್ತೇವೆ ಅಂತ ಅವನ ಕೈಯಲ್ಲೇ ಹೇಳಿಸಿದೆವು. ಮೊದಲ ಹಾಳೆಯನ್ನು ಬಡ್ಡಿ ಜಾಸ್ತಿ ಇದ್ದ ಸಾಲದಿಂದ ಶುರು ಮಾಡಿ, ಸಾಲ ಕೊಟ್ಟವರ ಕೈಗೇ ಕಂತಿನಲ್ಲಿ ಕಟ್ಟುತ್ತಾ ಬಂದೆವು. ದುಡ್ಡು ಅವನ ಕೈಗೆ ಹೋಗಲಿಲ್ಲ.

ಅವನ ಒಪ್ಪಿಗೆ ಪಡೆದೇ ಗೂಡಿನ ದುಡ್ಡು, ಹಾಲಿನ ಬಟವಾಡೆ ಎರಡನ್ನೂ ಅತ್ತೆಯ ಖಾತೆಗೆ ಬೀಳುವಂತೆ ಮಾಡಿದೆವು. ಅವನಿಗೆ ಕೈಖರ್ಚಿಗೆ ನಗದು. ಸಾಲದ ಆ್ಯಪುಗಳನ್ನು ಅವನೇ ತೆಗೆದ. ಮ್ಯಾಚ್ ಶುರುವಾಗುವ ಏಳೂವರೆ ಹೊತ್ತಿಗೆ ಸರಿಯಾಗಿ ಹುಳುವಿಗೆ ಸೊಪ್ಪು ಹಾಕುವ ಕೆಲಸ ಅವನಿಗೇ ವಹಿಸಿದೆವು, ನಾನೂ ಜೊತೆಗಿರುತ್ತಿದ್ದೆ.

ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ಮೊದಲು ಅಲ್ಲಿಗೆ ಹೋದೆವು. ಆಮೇಲೆ ಬೆಂಗಳೂರಿನ ನಿಮ್ಹಾನ್ಸ್. ಫೋನಿನ ಚಟಗಳಿಗೆಂದೇ ಅಲ್ಲಿ 2014ರಿಂದ ಶಟ್ ಕ್ಲಿನಿಕ್ ಇದೆ. ಜೂಜಿನ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ ಅಂತ ವೈದ್ಯರು ಹೇಳಿದಾಗ ಯಜಮಾನರ ಸಿಟ್ಟು ಅರ್ಧ ಇಳಿಯಿತು. ‘ಇಷ್ಟು ಸೋತಿದ್ದೀನಿ, ಇನ್ನು ಗೆಲ್ಲಲೇಬೇಕು’ ಅನ್ನುವ ಲೆಕ್ಕ ಯಾಕೆ ತಪ್ಪು ಅಂತಲೂ ಬಿಡಿಸಿ ಹೇಳಿದರು: ಹಿಂದಿನ ಸೋಲಿಗೂ ಮುಂದಿನ ಆಟಕ್ಕೂ ಯಾವ ಸಂಬಂಧವೂ ಇಲ್ಲ. ಆಡಬೇಕು ಅನ್ನುವ ತುಡಿತ ಏರುತ್ತದೆ, ತಡೆದುಕೊಂಡರೆ ತಾನಾಗಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಒಬ್ಬನೇ ಇರಬೇಡ ಅಂದರು.

2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ದುಡ್ಡಿನ ಆನ್‌ಲೈನ್ ಆಟಗಳನ್ನೇ ನಿಷೇಧಿಸಿ ಕಾಯ್ದೆ ತಂದಿತು. ಶಿಕ್ಷೆ ಇರುವುದು ಆಡಿಸುವವರಿಗೆ, ಆಡಿದವರಿಗಲ್ಲ. ಪೊಲೀಸ್ ಕೇಸಿನ ಭಯಕ್ಕೆ ಮಗನನ್ನು ಆಸ್ಪತ್ರೆಗೆ ಕರೆದೊಯ್ಯದೆ ಕೂತಿರುವ ತಾಯಂದಿರಿಗೆ ಇದು ತಿಳಿಯಬೇಕು. ಆದರೂ ವಾಟ್ಸಾಪಿನ ಬುಕ್ಕಿಗಳು ಮಾಯವಾಗಿಲ್ಲ. ಮೈದುನ ಮಧ್ಯೆ ಒಮ್ಮೆ ಜಾರಿದ. ಆದರೆ ನಾನು ಪುಸ್ತಕ ತೆರೆಯುವ ಮೊದಲೇ ಬಂದು ಹೇಳಿದ. ಗದರಿಸದೆ ವೈದ್ಯರ ಹತ್ತಿರ ಕರೆದುಕೊಂಡು ಹೋದೆವು.

ಈಗಲೂ ಭಾನುವಾರ ಬೆಳಿಗ್ಗೆ ಇಬ್ಬರೂ ಕೂತು ಲೆಕ್ಕ ನೋಡುತ್ತೇವೆ, ಓದುವುದು ಅವನು, ಬರೆಯುವುದು ನಾನು. ಈ ಬೆಳೆಗೆ ಫೈನಾನ್ಸಿನ ಕಂತು ಮುಗಿಯುತ್ತದೆ. ಅತ್ತೆಯ ಸರ ಬಿಡಿಸುವುದು ಇನ್ನೂ ಬಾಕಿ ಇದೆ.